ಆಟ ನಿಮ್ಮದು, ಮೇಜು ಅವರದು: ಹೊಸ ಕ್ಯಾಸಿನೊ ಆಟದ ಪರವಾನಗಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

ದೀಪಾವಳಿಯ ರಾತ್ರಿ ಮನೆಮಂದಿ ಕೂತು ಮೂರು ಎಲೆ ಹಂಚಿಕೊಂಡು ಆಡುವ ತೀನ್ ಪತ್ತಿಯನ್ನು ಕಂಡವರಿಗೆ ಲಾಸ್ ವೇಗಸ್‌ನ ತ್ರೀ ಕಾರ್ಡ್ ಪೋಕರ್ ಅಷ್ಟೇನೂ ಅಪರಿಚಿತವಲ್ಲ. ಬ್ರಿಟನ್ನಿನ ಬ್ರ್ಯಾಗ್ ಎಂಬ ಹಳೆಯ ಇಸ್ಪೀಟು ಆಟದ ನೆಂಟಸ್ತಿಕೆ ಎರಡಕ್ಕೂ ಇದೆ. ಆದರೆ ತೀನ್ ಪತ್ತಿ ಆಡಲು ಯಾರೂ ಯಾರಿಗೂ ಬಾಡಿಗೆ ಕಟ್ಟಬೇಕಿಲ್ಲ. ತ್ರೀ ಕಾರ್ಡ್ ಪೋಕರ್ ಇಟ್ಟ ಅಮೆರಿಕದ ಕ್ಯಾಸಿನೊಗಳು ಮಾತ್ರ ಮೇಜಿಗೆ ಇಷ್ಟು ಎಂದು ತಿಂಗಳು ತಿಂಗಳು ಕಟ್ಟುತ್ತ ಬಂದಿವೆ. 1994ರಲ್ಲಿ ಅದನ್ನು ರೂಪಿಸಿದ ಡೆರೆಕ್ ವೆಬ್ ಇಂಗ್ಲೆಂಡಿನ ಒಬ್ಬ ಪೋಕರ್ ಆಟಗಾರ. ಅಮೆರಿಕದಲ್ಲಿ ಆಟ ಬೇರೂರುತ್ತಿದ್ದಾಗಲೇ ಬೇರೊಂದು ಕಂಪನಿಯ ಪೇಟೆಂಟ್ ದಾವೆಗೆ ಸಿಕ್ಕಿಕೊಂಡ ಅವರು, 1999ರಲ್ಲಿ ಅಲ್ಲಿನ ಹಕ್ಕನ್ನು ಷಫಲ್ ಮಾಸ್ಟರ್ ಕಂಪನಿಗೆ ಮಾರಿದರು. ಆಟ ಬೆಳೆದು ಹೆಮ್ಮರವಾದದ್ದು ಆಮೇಲೆ.

ಹೊಸ ಆಟವೊಂದನ್ನು ಕಟ್ಟಿ ಅಮೆರಿಕದ ಕ್ಯಾಸಿನೊಗಳಿಗೆ ಕೊಡಬೇಕೆಂದು ಹೊರಟವರಿಗಾಗಿ ಈ ಬರಹ. ಅಂಥವರಲ್ಲಿ ಕನ್ನಡಿಗರೂ ಇದ್ದಾರು. ಲೆಕ್ಕದಲ್ಲಿ ಚುರುಕಾದವರಿಗೂ ಇಸ್ಪೀಟಿನ ರುಚಿ ಹತ್ತಿದವರಿಗೂ ನಮ್ಮಲ್ಲಿ ಬರವಿಲ್ಲ. ಮೊದಲೇ ಒಂದು ಮಾತು. ಆಟ ಕಟ್ಟಿದವರೆಲ್ಲ ಒಪ್ಪಂದ ಕೈಗೆ ಬಂದೊಡನೆ ಹುಡುಕುವುದು ‘ತಿಂಗಳಿಗೆ ಎಷ್ಟು ಡಾಲರ್’ ಎಂಬ ಸಾಲನ್ನು. ದುಡ್ಡು ಸೋರಿಹೋಗುವುದು ಆ ಸಾಲಿನಲ್ಲಲ್ಲ. ಮೇಜುಗಳನ್ನು ಯಾರು ಎಣಿಸುತ್ತಾರೆ, ಆಟ ಓಡದಿದ್ದರೆ ಅದು ಯಾರ ಕೈಗೆ ಮರಳುತ್ತದೆ ಎಂಬ ಎರಡು ಸಾಲುಗಳಲ್ಲಿ.

ಮೊದಲ ಹೆಜ್ಜೆ: ಲೆಕ್ಕ ಮುಗಿಸಿ

ಗಣಿತದ ವರದಿ ಇಲ್ಲದೆ ಯಾವ ಕ್ಯಾಸಿನೊ ವ್ಯವಸ್ಥಾಪಕರೂ ನಿಮ್ಮನ್ನು ಕೂರಿಸಿ ಮಾತನಾಡಿಸುವುದಿಲ್ಲ. ನೀವೇ ಬರೆದ ಸಿಮ್ಯುಲೇಷನ್ ಎಷ್ಟೇ ಕರಾರುವಾಕ್ಕಾಗಿದ್ದರೂ ಸಾಲದು. ಸ್ವತಂತ್ರ ಗಣಿತಜ್ಞರೊಬ್ಬರ ಅಥವಾ ಗೇಮಿಂಗ್ ಲ್ಯಾಬೊರೇಟರೀಸ್ ಇಂಟರ್‌ನ್ಯಾಷನಲ್‌ನಂಥ ಪರೀಕ್ಷಾ ಸಂಸ್ಥೆಯ ಸಹಿ ಬೇಕು. ವರದಿಯಲ್ಲಿ ಹೌಸ್ ಎಡ್ಜ್, ಅಂದರೆ ಹೂಡಿದ ಪ್ರತಿ ನೂರರಲ್ಲಿ ಕ್ಯಾಸಿನೊಗೆ ಉಳಿಯುವ ಪಾಲು ಎಷ್ಟು ಎಂಬುದು ಇರಬೇಕು. ಹೋಲಿಕೆಗೆ ಕೆಲವು ಅಂಕಿಗಳನ್ನು ತಲೆಯಲ್ಲಿಟ್ಟುಕೊಳ್ಳಿ. ಎರಡು ಸೊನ್ನೆಗಳ ರೂಲೆಟ್‌ನಲ್ಲಿ ಅದು ಶೇ 5.26. ತ್ರೀ ಕಾರ್ಡ್ ಪೋಕರ್‌ನ ಮುಖ್ಯ ಪಂದ್ಯದಲ್ಲಿ ಸಾಮಾನ್ಯ ಪಾವತಿ ಪಟ್ಟಿಯಂತೆ, ಅಂದರೆ ಯಾವ ಎಲೆಗಳು ಬಂದರೆ ಪಣದ ಎಷ್ಟು ಪಟ್ಟು ಎಂಬ ಪಟ್ಟಿಯಂತೆ, ಶೇ 3.37. ಬ್ಲ್ಯಾಕ್‌ಜ್ಯಾಕ್ ಅನ್ನು ಲೆಕ್ಕ ತಿಳಿದವರು ಒಳ್ಳೆಯ ನಿಯಮಗಳಡಿ ಆಡಿದರೆ ಸುಮಾರು ಅರ್ಧ ಶೇಕಡ ಮಾತ್ರ.

ಒಂದಕ್ಕಿಂತ ಹೆಚ್ಚು ಪಾವತಿ ಪಟ್ಟಿಗಳನ್ನು ಲೆಕ್ಕ ಹಾಕಿಸಿಡಿ. ತ್ರೀ ಕಾರ್ಡ್ ಪೋಕರ್‌ನಲ್ಲಿ ಜೋಡಿ ಅಥವಾ ಅದಕ್ಕೂ ಮೇಲಿನ ಎಲೆಗಳಿಗೆ ಹಣ ಕೊಡುವ ‘ಪೇರ್ ಪ್ಲಸ್’ ಪಂದ್ಯದಲ್ಲಿ ಫ್ಲಷ್‌ಗೆ (ಒಂದೇ ಜಾತಿಯ ಮೂರು ಎಲೆಗಳಿಗೆ) ನಾಲ್ಕು ಪಟ್ಟು ಕೊಡುವ ಪಟ್ಟಿಯಿದ್ದರೆ ಹೌಸ್ ಎಡ್ಜ್ ಶೇ 2.32, ಆ ನಾಲ್ಕೊಂದನ್ನೇ ಮೂರಕ್ಕೆ ಇಳಿಸಿದರೆ ಶೇ 7.28ಕ್ಕೆ ಜಿಗಿಯುತ್ತದೆ. ಒಂದು ಅಂಕಿ ಬದಲಾದರೆ ಮೂರು ಪಟ್ಟು ವ್ಯತ್ಯಾಸ! ಕ್ಯಾಸಿನೊ ಹೆಚ್ಚು ಕಸಿಯುವ ಪಟ್ಟಿಯನ್ನೇ ಹಾಕಿ, ಆಟಗಾರರು ಬೇಸತ್ತು ಎದ್ದುಹೋಗಿ, ಆಟ ಮೇಜಿನಿಂದ ಇಳಿದರೆ ಕಳಂಕ ನಿಮ್ಮ ಆಟದ ಹೆಸರಿಗೆ. ಆದ್ದರಿಂದ ‘ಅನುಬಂಧದಲ್ಲಿರುವ ಪಟ್ಟಿಗಳನ್ನು ಮಾತ್ರ ಬಳಸತಕ್ಕದ್ದು’ ಎಂಬ ಷರತ್ತು ಆಮೇಲೆ ಒಪ್ಪಂದದಲ್ಲಿ ಬರಬೇಕು.

ಎರಡನೆಯ ಹೆಜ್ಜೆ: ಕೊಡಲು ನಿಮ್ಮ ಬಳಿ ಏನಿದೆ ಎಂದು ನೋಡಿಕೊಳ್ಳಿ

ಪರವಾನಗಿ ಎಂದರೆ ‘ನನ್ನ ಸ್ವತ್ತನ್ನು ಬಳಸಲು ನಿನಗೆ ಅನುಮತಿ’ ಎಂದಷ್ಟೇ. ಹಾಗಾದರೆ ಸ್ವತ್ತು ಯಾವುದು? ಆಟದ ನಿಯಮಗಳಿಗೆ ಕೃತಿಸ್ವಾಮ್ಯ ಸಿಗುವುದಿಲ್ಲ. ಮೇಜಿನ ಮೇಲೆ ಹಾಸುವ ಬಟ್ಟೆಯ ಚಿತ್ರ ವಿನ್ಯಾಸಕ್ಕೆ ಸಿಗುತ್ತದೆ, ಹೆಸರಿಗೆ ಟ್ರೇಡ್‌ಮಾರ್ಕ್ ಸಿಗುತ್ತದೆ. ಆಡುವ ವಿಧಾನಕ್ಕೆ ಬೇಕಾದದ್ದು ಪೇಟೆಂಟ್. ಅದೇ ಈಗ ಕಷ್ಟ.

ತೊಂಬತ್ತರ ದಶಕದಲ್ಲಿ ಇಂಥ ಪೇಟೆಂಟುಗಳು ಧಾರಾಳವಾಗಿ ಸಿಗುತ್ತಿದ್ದವು. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಲಿಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಅಮೂರ್ತ ಕಲ್ಪನೆಗಳಿಗೆ ಪೇಟೆಂಟ್ ಸಲ್ಲದೆಂದು ಬಿಗಿಯಾದ ಪರೀಕ್ಷೆ ಇಟ್ಟ ಮೇಲೆ ಗಾಳಿ ಬದಲಾಯಿತು. 2016ರಲ್ಲಿ ಬ್ಲ್ಯಾಕ್‌ಜ್ಯಾಕ್ ಮಾದರಿಯ ಹೊಸ ಆಟವೊಂದರ ಅರ್ಜಿಯನ್ನು ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ತಿರಸ್ಕರಿಸಿತು; ಪಣದ ನಿಯಮಗಳನ್ನು ಮಾಮೂಲಿ ಇಸ್ಪೀಟು ಎಲೆಗಳಿಂದ ಆಡಿಸುವುದು ಆವಿಷ್ಕಾರವಾಗದು ಎಂಬುದು ಅದರ ನಿಲುವು. ಹೊಚ್ಚಹೊಸ ಬಗೆಯ ಎಲೆಗಳ ಕಟ್ಟನ್ನೇ ಬಳಸುವ ಆಟವಾದರೆ ವಿಚಾರ ಬೇರೆಯಾದೀತು ಎಂದು ಅದೇ ತೀರ್ಪು ಸಣ್ಣ ಕಿಟಕಿಯೊಂದನ್ನು ತೆರೆದಿಟ್ಟಿತು. 2018ರಲ್ಲಿ ವಿಶೇಷ ಗುರುತುಗಳ ದಾಳಗಳ ಆಟವೊಂದಕ್ಕೂ ಸೋಲಾಯಿತು. ಹೀಗಾಗಿ ಬರೀ ನಿಯಮ ನಂಬಿ ಹೊರಡಬೇಡಿ. ಆಟದ ಒಡಲಲ್ಲಿ ಏನಾದರೂ ಉಪಕರಣ, ಸಂವೇದಕ, ಹೊಸ ಬಗೆಯ ಎಲೆ ಇದೆಯೇ ಎಂದು ಪೇಟೆಂಟ್ ವಕೀಲರ ಜೊತೆ ಕೂತು ನೋಡಿ. ಏನೂ ಇಲ್ಲವಾದರೆ ಹೆಸರನ್ನು ಗಟ್ಟಿ ಮಾಡಿ. ಪೇಟೆಂಟ್‌ಗೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಆಯುಸ್ಸು. ಬಳಸುತ್ತ, ನವೀಕರಿಸುತ್ತ ಇರುವವರೆಗೂ ಟ್ರೇಡ್‌ಮಾರ್ಕ್ ಸಾಯುವುದಿಲ್ಲ.

ಭಾರತದಲ್ಲಿ ನೆಲೆಸಿರುವವರಿಗೆ ಇಲ್ಲೊಂದು ಗುಂಡಿ ಇದೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಎಂ) ಕಲಮು ‘ಆಟ ಆಡುವ ವಿಧಾನ’ ಆವಿಷ್ಕಾರವೇ ಅಲ್ಲ ಎಂದು ನೇರವಾಗಿ ಹೇಳುತ್ತದೆ. ಇಲ್ಲಿ ಹೇಗೂ ಸಿಗುವುದಿಲ್ಲ, ನೇರ ಅಮೆರಿಕದಲ್ಲೇ ಅರ್ಜಿ ಹಾಕೋಣ ಎಂದು ಹೊರಟರೆ 39ನೇ ಕಲಮು ಅಡ್ಡ ನಿಲ್ಲುತ್ತದೆ. ಭಾರತದ ನಿವಾಸಿಯಾದವರು ಪೇಟೆಂಟ್ ಕಚೇರಿಯ ಲಿಖಿತ ಅನುಮತಿ ಪಡೆಯದೆ, ಅಥವಾ ಇಲ್ಲಿ ಮೊದಲು ಅರ್ಜಿ ಸಲ್ಲಿಸಿ ಆರು ವಾರ ಕಾಯದೆ, ವಿದೇಶದಲ್ಲಿ ಅರ್ಜಿ ಹಾಕುವಂತಿಲ್ಲ. ಅನುಮತಿ ಕೇಳುವುದು ದೊಡ್ಡ ಕೆಲಸವಲ್ಲ. ಮರೆತರೆ ಮಾತ್ರ ಅದು ಅಪರಾಧ.

ಇನ್ನೊಂದು ಎಚ್ಚರಿಕೆ. ಕ್ಯಾಸಿನೊಗಳು ಗೋಪ್ಯತಾ ಒಪ್ಪಂದಕ್ಕೆ ಸುಲಭವಾಗಿ ಸಹಿ ಹಾಕುವುದಿಲ್ಲ. ದಿನಕ್ಕೊಬ್ಬರು ಹೊಸ ಆಟ ಹಿಡಿದು ಬಾಗಿಲು ತಟ್ಟುವ ಕಡೆ ಅವರಿಗದು ತಲೆನೋವು. ಆಟವನ್ನು ಬಹಿರಂಗಪಡಿಸಿದ ದಿನದಿಂದ ಅಮೆರಿಕದಲ್ಲಿ ಅರ್ಜಿ ಹಾಕಲು ಒಂದು ವರ್ಷದ ಅವಧಿ ಇದೆ. ಬೇರೆ ಬಹಳಷ್ಟು ದೇಶಗಳಲ್ಲಿ ಈ ಸೌಲಭ್ಯವಿಲ್ಲ. ಆದ್ದರಿಂದ ತಾತ್ಕಾಲಿಕ ಪೇಟೆಂಟ್ ಅರ್ಜಿ ಮೊದಲು, ಪ್ರದರ್ಶನ ಆಮೇಲೆ.

ಮೂರನೆಯ ಹೆಜ್ಜೆ: ಸರ್ಕಾರದ ಮುದ್ರೆ ಮತ್ತು ಪ್ರಯೋಗದ ಮೇಜು

ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಹೊಸ ಆಟಕ್ಕೆ ಗೇಮಿಂಗ್ ಕಂಟ್ರೋಲ್ ಬೋರ್ಡ್‌ನ (ಜೂಜು ನಿಯಂತ್ರಣ ಮಂಡಳಿಯ) ಒಪ್ಪಿಗೆ ಬೇಕು. ಅರ್ಜಿಯ ಜೊತೆಗೆ ನಿಯಮಗಳ ಪೂರ್ಣ ಪಠ್ಯ, ಗಣಿತದ ವರದಿ, ಅರ್ಜಿದಾರರ ಹಿನ್ನೆಲೆಯ ವಿವರ ಹೋಗುತ್ತದೆ. ಆಮೇಲೆ ಒಂದು ನಿಜವಾದ ಕ್ಯಾಸಿನೊದಲ್ಲಿ ಕೆಲವು ತಿಂಗಳ ಪ್ರಯೋಗ. ಆ ಕ್ಯಾಸಿನೊವನ್ನು ಹುಡುಕಿಕೊಳ್ಳುವುದು ಬೋರ್ಡ್‌ನ ಕೆಲಸವಲ್ಲ, ನಿಮ್ಮದು. ಹೊಸಬರು ಎಡವುವುದು ಇಲ್ಲೇ: ಒಪ್ಪಿಗೆ ಬೇಕೆಂದರೆ ಮೇಜು ಬೇಕು, ಮೇಜು ಬೇಕೆಂದರೆ ‘ಬೇರೆ ಎಲ್ಲಿ ಓಡಿದೆ?’ ಎಂಬ ಪ್ರಶ್ನೆ.

ಪ್ರಯೋಗದ ಅವಧಿಗೆ ಸಾಮಾನ್ಯವಾಗಿ ಬಾಡಿಗೆ ಇರುವುದಿಲ್ಲ. ಬಾಡಿಗೆಯ ಬದಲು ಬೇರೆ ಮೂರನ್ನು ಕೇಳಿ, ಬರೆದುಕೊಳ್ಳಿ. ಮೇಜು ಎಲ್ಲಿ ಇರುತ್ತದೆ ಎಂಬುದು ಮೊದಲನೆಯದು. ಶೌಚಾಲಯದ ದಾರಿಯ ಮೂಲೆಯಲ್ಲಿಟ್ಟ ಆಟ ಯಾವುದೂ ಗೆದ್ದ ಉದಾಹರಣೆ ಇರಲಾರದು. ವಾರದಲ್ಲಿ ಕನಿಷ್ಠ ಎಷ್ಟು ಗಂಟೆ ತೆರೆದಿರುತ್ತದೆ ಎಂಬುದು ಎರಡನೆಯದು. ಅತಿ ಮುಖ್ಯವಾದ ಮೂರನೆಯದು, ಪ್ರತಿ ಪಾಳಿಯ ಅಂಕಿಅಂಶ ನಿಮಗೂ ಸಿಗಬೇಕು: ಎಷ್ಟು ಹಣ ಮೇಜಿಗೆ ಬಂತು, ಅದರಲ್ಲಿ ಎಷ್ಟು ಉಳಿಯಿತು, ಗಂಟೆಗೆ ಎಷ್ಟು ಸುತ್ತು. ಮುಂದೆ ಯಾವ ಕ್ಯಾಸಿನೊಗೆ ಹೋದರೂ ನಿಮ್ಮ ಜೇಬಿನಲ್ಲಿರುವ ಒಂದೇ ಆಯುಧ ಈ ಅಂಕಿಗಳು. ಪ್ರಯೋಗ ಮುಗಿದ ಮೇಲೆ ಆಟ ಮುಂದುವರಿದರೆ ಯಾವ ದಿನದಿಂದ ಎಷ್ಟು ಬಾಡಿಗೆ ಎಂಬುದನ್ನೂ ಆಗಲೇ ಬರೆದಿಡಿ. ‘ಆಮೇಲೆ ನೋಡೋಣ’ ಎಂದವರು ಆರು ತಿಂಗಳು ಉಚಿತವಾಗಿ ಆಡಿಸಿದ್ದೂ ಇದೆ.

ನಾಲ್ಕನೆಯ ಹೆಜ್ಜೆ: ಬಾಡಿಗೆಯ ಅಂಕಿ ಹೇಗೆ ಕಟ್ಟುವುದು

ಬಹುತೇಕರು ಮೊದಲು ಕೇಳುವ ಪ್ರಶ್ನೆ: ಮೇಜಿನ ಗಳಿಕೆಯಲ್ಲಿ ನನಗೆ ಶೇಕಡ ಇಷ್ಟು ಎಂದು ಯಾಕೆ ಕೇಳಬಾರದು? ನೆವಾಡಾ ಕಾನೂನಿನ 463ನೇ ಅಧ್ಯಾಯದ ಪ್ರಕಾರ ಜೂಜಿನ ಹಣದಲ್ಲಿ ಪಾಲು ಪಡೆಯುವವರೆಲ್ಲ ಸ್ವತಃ ಗೇಮಿಂಗ್ ಪರವಾನಗಿ ಪಡೆದಿರಬೇಕು. ಆ ಪರವಾನಗಿಯ ತನಿಖೆಯೆಂದರೆ ನಿಮ್ಮ ಬ್ಯಾಂಕ್ ಖಾತೆ, ಹಳೆಯ ವ್ಯವಹಾರ, ಬಂಧುಬಳಗ ಎಲ್ಲವನ್ನೂ ನಿಮ್ಮದೇ ಖರ್ಚಿನಲ್ಲಿ ಜಾಲಾಡಿಸಿಕೊಳ್ಳುವುದು. ಒಂದು ಆಟ ಇಟ್ಟುಕೊಂಡವರಿಗೆ ಅದು ಚಕ್ರಬಡ್ಡಿಗಿಂತ ದುಬಾರಿ. ಅದಕ್ಕೇ ಈ ಉದ್ಯಮ ಮೇಜಿಗೆ ತಿಂಗಳಿಗೆ ಇಷ್ಟು ಎಂಬ ನಿಗದಿತ ಬಾಡಿಗೆಯ ಮೇಲೆ ನಿಂತಿದೆ. ಮೇಜಿನಲ್ಲಿ ಕ್ಯಾಸಿನೊ ಲಕ್ಷ ಗೆಲ್ಲಲಿ, ಸೋಲಲಿ, ನಿಮ್ಮ ಬಾಡಿಗೆ ಅಷ್ಟೇ.

ಆ ಅಂಕಿ ಎಷ್ಟು? ಸೈಡ್ ಬೆಟ್‌ಗಳಿಗೆ, ಅಂದರೆ ಈಗಾಗಲೇ ಇರುವ ಆಟದ ಪಕ್ಕಕ್ಕೆ ಕಟ್ಟುವ ಕಿರು ಪಂದ್ಯಗಳಿಗೆ, ಕೆಲವು ನೂರು ಡಾಲರ್. ಇಡೀ ಮೇಜನ್ನು ಆಕ್ರಮಿಸುವ ಆಟಕ್ಕೆ ಹೊಸತರಲ್ಲಿ ಐನೂರರಿಂದ ಸಾವಿರದ ಆಸುಪಾಸು. ಹೆಸರು ಮಾಡಿದ ಆಟಗಳಿಗೆ ಅದಕ್ಕೂ ಮೇಲೆ. ಆದರೆ ಮಾರುಕಟ್ಟೆಯ ದರ ಕೇಳಿಕೊಂಡು ಹೋಗುವ ಬದಲು ಕ್ಯಾಸಿನೊದವರ ಲೆಕ್ಕವನ್ನು ನೀವೇ ಮಾಡಿಕೊಂಡು ಹೋಗಿ.

ಹೀಗೆ. ನಿಮ್ಮ ಆಟದ ಹೌಸ್ ಎಡ್ಜ್ ತ್ರೀ ಕಾರ್ಡ್ ಪೋಕರ್‌ನಷ್ಟೇ, ಶೇ 3.37 ಎಂದುಕೊಳ್ಳಿ. ನಾಲ್ವರು ಆಟಗಾರರು, ಗಂಟೆಗೆ 50 ಸುತ್ತು, ತಲಾ 15 ಡಾಲರ್ ಪಣ. ಗಂಟೆಗೆ 3,000 ಡಾಲರ್ ಪಣ ಬಿದ್ದು ಕ್ಯಾಸಿನೊಗೆ ಸರಾಸರಿ 101 ಡಾಲರ್ ಉಳಿಯುತ್ತದೆ. ತಿಂಗಳಿಗೆ 300 ಗಂಟೆ ಮೇಜು ತೆರೆದಿದ್ದರೆ 30,300 ಡಾಲರ್. ಅದೇ ಜಾಗದಲ್ಲಿ ಬ್ಲ್ಯಾಕ್‌ಜ್ಯಾಕ್ ಇದ್ದಿದ್ದರೆ? ಸುತ್ತುಗಳು ಚುರುಕು, ಗಂಟೆಗೆ 70 ಎನ್ನೋಣ. ಸಾಮಾನ್ಯ ಆಟಗಾರರ ತಪ್ಪುಗಳನ್ನೂ ಸೇರಿಸಿ ಹೌಸ್ ಎಡ್ಜ್ ಶೇ 1. ಗಂಟೆಗೆ 42, ತಿಂಗಳಿಗೆ 12,600. ಎರಡರ ನಡುವಿನ 17,700 ಡಾಲರ್ ನಿಮ್ಮ ಚೌಕಾಸಿ ನಿಂತಿರುವ ನೆಲ. ಆಟದ ಬಾಡಿಗೆ ಸಾವಿರ ಎಂದಾಗ ಹುಬ್ಬೇರಿಸುವ ವ್ಯವಸ್ಥಾಪಕರ ಮುಂದೆ ಈ ಹಾಳೆಯನ್ನಿಡಿ. ಈ ಅಂಕಿಗಳು ನನ್ನ ಊಹೆಯ ಉದಾಹರಣೆ. ನಿಮ್ಮ ಹಾಳೆಯಲ್ಲಿ ಪ್ರಯೋಗದ ಮೇಜಿನ ನಿಜವಾದ ಅಂಕಿಗಳಿರಬೇಕು.

ಸೈಡ್ ಬೆಟ್‌ಗೆ ಇನ್ನೊಂದು ಮಗ್ಗುಲಿದೆ. ಅದೇ ಬ್ಲ್ಯಾಕ್‌ಜ್ಯಾಕ್ ಮೇಜಿನಲ್ಲಿ ನಾಲ್ವರಲ್ಲಿ ಇಬ್ಬರು 5 ಡಾಲರ್ ಸೈಡ್ ಬೆಟ್ ಕಟ್ಟಿದರೆ, ಹೌಸ್ ಎಡ್ಜ್ ಶೇ 7 ಆದರೆ, ಗಂಟೆಗೆ 49 ಡಾಲರ್, ಮೂಲ ಆಟಕ್ಕಿಂತಲೂ ಹೆಚ್ಚು! ಸೈಡ್ ಬೆಟ್‌ಗಳು ನಾಯಿಕೊಡೆಗಳಂತೆ ಏಳುವುದು ಸುಮ್ಮನೆ ಅಲ್ಲ. ಆದರೆ ಅದನ್ನು ಎಣಿಸಿ ಪಾವತಿ ಮಾಡಲು ಡೀಲರ್‌ಗೆ, ಅಂದರೆ ಎಲೆ ಹಂಚುವ ನೌಕರರಿಗೆ, ಸಮಯ ಬೇಕು. ಗಂಟೆಗೆ 70 ಸುತ್ತು 63ಕ್ಕಿಳಿದರೆ ಮೂಲ ಆಟದ ಗಳಿಕೆಯಲ್ಲಿ ತಿಂಗಳಿಗೆ 1,260 ಡಾಲರ್ ಖೋತಾ. ಅನುಭವಿ ವ್ಯವಸ್ಥಾಪಕರು ಮೊದಲು ಕೇಳುವುದು ಇದನ್ನೇ. ಉತ್ತರ ಸಿದ್ಧವಿರಲಿ.

ಬಾಡಿಗೆಯ ಷರತ್ತಿನಲ್ಲಿ ಬರೆಯಬೇಕಾದ ಸಣ್ಣ ಸಂಗತಿಗಳು: ‘ಮೇಜು’ ಎಂದರೆ ಯಾವುದು? ನಿಮ್ಮ ಆಟದ ಬಟ್ಟೆ ಹಾಸಿದ ಮೇಜೋ, ಆಟಕ್ಕೆ ತೆರೆದ ಮೇಜೋ? ವಾರಾಂತ್ಯಕ್ಕೆ ಮಾತ್ರ ತೆರೆದರೆ ಅರ್ಧ ಬಾಡಿಗೆ ಎಂದು ವಾದಿಸುತ್ತಾರೆ. ಹಾಸಿದ ಮೇಜಿಗೆ ಪೂರ್ತಿ ಎಂದು ಬರೆಸಿ. ತಿಂಗಳ ನಡುವೆ ಇಟ್ಟರೆ, ತೆಗೆದರೆ ಹೇಗೆ? ತಡವಾದರೆ ಬಡ್ಡಿ ಎಷ್ಟು? ವರ್ಷಕ್ಕೊಮ್ಮೆ ದರ ಏರಿಸುವ ಹಕ್ಕು ಇದೆಯೇ?

ಐದನೆಯ ಹೆಜ್ಜೆ: ನೇರವಾಗಿ ಹೋಗುವುದೋ, ವಿತರಕರ ಕೈಗೆ ಕೊಡುವುದೋ

ಒಬ್ಬರೇ ಹತ್ತು ರಾಜ್ಯಗಳ ಒಪ್ಪಿಗೆ ಪಡೆದು, ಡೀಲರ್‌ಗಳಿಗೆ ತರಬೇತಿ ಕೊಟ್ಟು, ಬಟ್ಟೆ ಮುದ್ರಿಸಿ, ಬಾಕಿ ವಸೂಲಿ ಮಾಡುವುದು ಆಗದ ಮಾತು. ಐದಾರು ಮೇಜುಗಳವರೆಗೆ ಸ್ವತಃ ಓಡಾಡಿ, ಅಂಕಿಅಂಶ ಕೂಡಿಸಿಕೊಂಡು, ಆಮೇಲೆ ವಿತರಕ ಕಂಪನಿಯ ಬಳಿ ಹೋಗುವುದೇ ಲೇಸೆಂದು ನನ್ನ ಅಭಿಪ್ರಾಯ. ಖಾಲಿ ಕೈಯಲ್ಲಿ ಹೋದವರಿಗೂ ಐದು ಮೇಜು ತೋರಿಸಿದವರಿಗೂ ಸಿಗುವ ಒಪ್ಪಂದ ಒಂದೇ ಅಲ್ಲ.

ವಿತರಕರೂ ಈಗ ಬೆರಳೆಣಿಕೆಯಷ್ಟು. ಷಫಲ್ ಮಾಸ್ಟರ್‌ನ ಕಥೆಯನ್ನೇ ನೋಡಿ. ಎಲೆ ಕಲಸುವ ಯಂತ್ರ ಮಾಡಲು ಹುಟ್ಟಿದ ಕಂಪನಿ ಅದು. ಆ ಯಂತ್ರಗಳನ್ನು ಮೇಜಿಗೆ ಏರಿಸಲೆಂದೇ ಸ್ಥಾಪಕ ಜಾನ್ ಬ್ರೀಡಿಂಗ್ 1993ರಲ್ಲಿ ‘ಲೆಟ್ ಇಟ್ ರೈಡ್’ ಎಂಬ ಆಟ ಕಟ್ಟಿದರು. ಆಟವೇ ಇನ್ನೊಂದು ಆದಾಯದ ಮೂಲವಾಯಿತು. 2013ರಲ್ಲಿ ಬ್ಯಾಲಿ ಟೆಕ್ನಾಲಜೀಸ್ ಅದನ್ನು ಸುಮಾರು 130 ಕೋಟಿ ಡಾಲರ್‌ಗೆ ಕೊಂಡಿತು, ಮರುವರ್ಷ ಬ್ಯಾಲಿಯನ್ನು ಸೈಂಟಿಫಿಕ್ ಗೇಮ್ಸ್ ಕೊಂಡಿತು, 2022ರಲ್ಲಿ ಅದರ ಹೆಸರೇ ಲೈಟ್ ಆ್ಯಂಡ್ ವಂಡರ್ ಆಯಿತು. ಇನ್ನೊಂದು ಪ್ರಮುಖ ಕಂಪನಿ ಗ್ಯಾಲಕ್ಸಿ ಗೇಮಿಂಗ್; 2011ರಲ್ಲಿ ವೆಬ್ ಅವರ ಪ್ರೈಮ್ ಟೇಬಲ್ ಗೇಮ್ಸ್‌ನ ಆಸ್ತಿಯನ್ನು ಅದು ಕೊಂಡಿತ್ತು. ಅದನ್ನೇ ಕೊಳ್ಳಲು ಸ್ವೀಡನ್ನಿನ ಎವಲ್ಯೂಷನ್ ಕಂಪನಿ 2024ರಲ್ಲಿ ಒಪ್ಪಂದ ಮಾಡಿಕೊಂಡಿತು. ಇವತ್ತು ನೀವು ಕೈಕುಲುಕಿದ ಕಂಪನಿ ನಾಲ್ಕು ವರ್ಷದಲ್ಲಿ ಬೇರೆಯವರ ಹೊಟ್ಟೆಯಲ್ಲಿರಬಹುದು ಎಂದುಕೊಂಡೇ ಕೂರಬೇಕು. ಆದ್ದರಿಂದ ಮಾಲೀಕತ್ವ ಬದಲಾದರೆ ಒಪ್ಪಂದವನ್ನು ಮುಂದುವರಿಸುವ ಅಥವಾ ಬಿಡುವ ಆಯ್ಕೆ ನಿಮಗೂ ಇರಲಿ.

(ಈ ವೆಬ್ ಅವರ ಬಗ್ಗೆ ಒಂದು ಮಾತು. ಕ್ಯಾಸಿನೊ ಆಟದಿಂದ ಹಣ ಮಾಡಿದ ಅವರೇ ಮುಂದೆ ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿಗಳಲ್ಲಿದ್ದ ಜೂಜಿನ ಯಂತ್ರಗಳ ವಿರುದ್ಧದ ಚಳವಳಿಗೆ ಹಣ ಸುರಿದರು. ಆ ಯಂತ್ರಗಳ ಗರಿಷ್ಠ ಪಣ 2019ರ ಏಪ್ರಿಲ್‌ನಲ್ಲಿ 100 ಪೌಂಡ್‌ನಿಂದ 2 ಪೌಂಡ್‌ಗೆ ಇಳಿಯಿತು.)

ಆರನೆಯ ಹೆಜ್ಜೆ: ವಿತರಕರ ಕರಡನ್ನು ಸಾಲು ಸಾಲಾಗಿ ಓದಿ

ಕರಡು ಯಾವಾಗಲೂ ಅವರದೇ. ಮೊದಲ ಓದಿಗೆ ಎಲ್ಲವೂ ನಯವಾಗಿ ಕಾಣುತ್ತದೆ. ಎರಡನೆಯ ಓದಿನಲ್ಲಿ ಪೆನ್ಸಿಲ್ ಹಿಡಿಯಿರಿ.

ಏಕಸ್ವಾಮ್ಯ. ‘ಜಗತ್ತಿನಾದ್ಯಂತ, ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಎಂದು ಬರೆದಿರುತ್ತಾರೆ. ಇದನ್ನು ಒಡೆಯಿರಿ. ನೆಲದ ಮೇಲಿನ ಕ್ಯಾಸಿನೊ ಬೇರೆ, ಆನ್‌ಲೈನ್ ಬೇರೆ, ಯಂತ್ರದ ರೂಪ ಬೇರೆ. ಅಮೆರಿಕ ಬೇರೆ, ಬ್ರಿಟನ್ ಬೇರೆ, ಮಕಾವ್ ಬೇರೆ. ಕಂಪನಿಗೆ ನಿಜವಾಗಿಯೂ ಬಲವಿರುವ ಕಡೆಯ ಹಕ್ಕು ಮಾತ್ರ ಕೊಡಿ.

ಕನಿಷ್ಠ ಖಾತರಿ. ಏಕಸ್ವಾಮ್ಯ ಕೊಟ್ಟ ಮೇಲೆ ಅವರು ನಿಮ್ಮ ಆಟವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ? ತಮ್ಮದೇ ಆಟಕ್ಕೆ ಪೈಪೋಟಿ ಬರದಿರಲೆಂದು ಹಾಗೆ ಮಾಡುವುದರಲ್ಲಿ ಅವರಿಗೆ ಲಾಭವೇ ಇದೆ. ‘ಉತ್ತಮ ಪ್ರಯತ್ನ ಮಾಡುತ್ತೇವೆ’ ಎಂಬ ಮಾತಿಗೆ ಅಂಟಿಕೊಳ್ಳಬೇಡಿ. ಪ್ರಯತ್ನವನ್ನು ಅಳೆಯಲು ಯಾವ ತಕ್ಕಡಿಯೂ ಇಲ್ಲ. ಮೊದಲ ವರ್ಷ ಇಷ್ಟು ಮೇಜು, ಎರಡನೆಯ ವರ್ಷ ಇಷ್ಟು ಎಂದು ಬರೆಸಿ. ತಲುಪದಿದ್ದರೆ ಕೊರತೆಯನ್ನು ಹಣದಲ್ಲಿ ತುಂಬಬೇಕು, ಇಲ್ಲವೇ ಆಟ ತಾನಾಗಿ ನಿಮಗೆ ಮರಳಬೇಕು. ಮರಳುವಾಗ ಏನೇನು ಬರಬೇಕು ಎಂಬುದೂ ಇರಲಿ: ಪೇಟೆಂಟ್, ಹೆಸರು, ಬಟ್ಟೆಯ ವಿನ್ಯಾಸ, ರಾಜ್ಯವಾರು ಒಪ್ಪಿಗೆ ಪತ್ರಗಳು, ಮೇಜುಗಳ ಪಟ್ಟಿ. ಹೆಸರು ಅವರಲ್ಲೇ ಉಳಿದು ನಿಯಮ ಮಾತ್ರ ಮರಳಿದರೆ ಬಂದದ್ದು ಸಿಪ್ಪೆ.

ಪಾಲಿನ ವ್ಯಾಖ್ಯೆ. ಇಲ್ಲಿ ನಿಧಾನಿಸಿ. ‘ನಿವ್ವಳ ಆದಾಯದ ಶೇ 30’ ಎಂದಿದ್ದರೆ ಹೆಚ್ಚು ಮುಖ್ಯವಾದ ಪದ ಮೂವತ್ತಲ್ಲ, ನಿವ್ವಳ. ಏನೇನು ಕಳೆದ ಮೇಲೆ ನಿವ್ವಳ? ಮಾರಾಟಗಾರರ ಕಮಿಷನ್, ಪ್ರಯಾಣ, ವಕೀಲರ ಖರ್ಚು ಎಲ್ಲ ಕಳೆದರೆ ಕೊನೆಗೆ ಮಜ್ಜಿಗೆಯಲ್ಲ, ನೀರು. ಅದಕ್ಕಿಂತ ದೊಡ್ಡ ಅಪಾಯ ಕಟ್ಟುಮಾರಾಟ. ವಿತರಕರು ಕ್ಯಾಸಿನೊಗೆ ಎಲೆ ಕಲಸುವ ಯಂತ್ರ, ಮೂರು ಆಟ, ಎರಡು ಸೈಡ್ ಬೆಟ್ ಸೇರಿಸಿ ಒಂದೇ ಮೊತ್ತಕ್ಕೆ ಕೊಡುತ್ತಾರೆ. ಆ ಮೊತ್ತದಲ್ಲಿ ಯಂತ್ರಕ್ಕೆ ಎಷ್ಟು, ನಿಮ್ಮ ಆಟಕ್ಕೆ ಎಷ್ಟು ಎಂದು ಹಂಚುವವರು ಅವರೇ. ಐನೂರು ಡಾಲರ್‌ನ ಆಟವನ್ನು ಕಾಗದದ ಮೇಲೆ ನೂರಕ್ಕೆ ಇಳಿಸಿದರೆ ನಿಮ್ಮ ಪಾಲು 150ರಿಂದ 30 ಡಾಲರ್‌ಗೆ ಇಳಿದು, ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ. ಮದ್ದು ಒಂದೇ: ‘ಶೇ 30 ಅಥವಾ ಮೇಜಿಗೆ ತಿಂಗಳಿಗೆ ಕನಿಷ್ಠ ಇಂತಿಷ್ಟು ಡಾಲರ್, ಇವುಗಳಲ್ಲಿ ಯಾವುದು ಹೆಚ್ಚೋ ಅದು.’ ಉಚಿತವಾಗಿ ಕೊಟ್ಟ ಮೇಜಿಗೂ ಈ ಕನಿಷ್ಠ ಅನ್ವಯ, ಪ್ರಯೋಗದ ಮೊದಲ ಮೂರು ತಿಂಗಳ ಹೊರತು.

ಎಣಿಕೆ. ನೆವಾಡಾದ ಮಾಸಿಕ ಗೇಮಿಂಗ್ ವರದಿಯಲ್ಲಿ ತ್ರೀ ಕಾರ್ಡ್ ಪೋಕರ್, ಲೆಟ್ ಇಟ್ ರೈಡ್, ಪೈ ಗೌ ಪೋಕರ್‌ಗಳಿಗೆ ಪ್ರತ್ಯೇಕ ಸಾಲುಗಳಿವೆ. ಹೊಸ ಆಟಗಳೆಲ್ಲ ‘ಇತರೆ’ ಎಂಬ ಒಂದೇ ಚೀಲದಲ್ಲಿ. ಹಾಗಾಗಿ ನಿಮ್ಮ ಮೇಜುಗಳು ಎಷ್ಟೆಂದು ಸರ್ಕಾರದ ಕಾಗದ ಹೇಳುವುದಿಲ್ಲ. ತಿಂಗಳಿಗೊಮ್ಮೆ ಕ್ಯಾಸಿನೊವಾರು ಪಟ್ಟಿ ಕೊಡಬೇಕೆಂದೂ, ವರ್ಷಕ್ಕೊಮ್ಮೆ ನಿಮ್ಮ ಲೆಕ್ಕಪರಿಶೋಧಕರು ಪುಸ್ತಕ ನೋಡಬಹುದೆಂದೂ, ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಸಿಕ್ಕರೆ ಪರಿಶೋಧನೆಯ ಖರ್ಚು ಅವರದೆಂದೂ ಬರೆಸಿ. ಜೊತೆಗೆ ಪ್ರಯಾಣ ಹೋದಾಗಲೆಲ್ಲ ಕ್ಯಾಸಿನೊದೊಳಗೆ ಒಂದು ಸುತ್ತು ಹಾಕಿ ಕಣ್ಣಾರೆ ಎಣಿಸಿಕೊಳ್ಳಿ. ಅದಕ್ಕೆ ಯಾರ ಅನುಮತಿಯೂ ಬೇಡ.

ಅವಧಿ ಮತ್ತು ಪೇಟೆಂಟ್. ಸ್ಪೈಡರ್‌ಮ್ಯಾನ್ ಆಟಿಕೆಯೊಂದರ ಆವಿಷ್ಕಾರಕ ಸ್ಟೀಫನ್ ಕಿಂಬಲ್ ಮತ್ತು ಮಾರ್ವೆಲ್ ನಡುವಿನ ವ್ಯಾಜ್ಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2015ರಲ್ಲಿ ಹಳೆಯ ನಿಯಮವನ್ನೇ ಎತ್ತಿಹಿಡಿಯಿತು: ಪೇಟೆಂಟ್ ಮುಗಿದ ಮೇಲಿನ ಬಳಕೆಗೆ ಪೇಟೆಂಟ್ ರಾಯಧನ ವಸೂಲಿ ಮಾಡುವಂತಿಲ್ಲ, ಒಪ್ಪಂದದಲ್ಲಿ ಬರೆದಿದ್ದರೂ ಸಹ. ಆದ್ದರಿಂದ ಶುಲ್ಕವನ್ನು ಒಂದೇ ಮುದ್ದೆಯಾಗಿ ಇಡಬೇಡಿ. ಪೇಟೆಂಟ್‌ಗೆ ಇಷ್ಟು, ಹೆಸರು ಮತ್ತು ವಿನ್ಯಾಸಕ್ಕೆ ಇಷ್ಟು ಎಂದು ಒಡೆದಿಟ್ಟರೆ ಮೊದಲನೆಯದು ನಿಂತರೂ ಎರಡನೆಯದು ಹರಿಯುತ್ತದೆ. ಅರ್ಜಿ ಹಾಕಿ ಪೇಟೆಂಟ್ ಸಿಗದೇ ಹೋದರೆ ಶುಲ್ಕ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಈಗಲೇ ಮಾತಾಡಿ. ಆಗ ಮಾತಾಡಿದರೆ ಸೊನ್ನೆಗೆ ಇಳಿಸುತ್ತಾರೆ.

ಸುಧಾರಣೆಗಳು. ನಾಳೆ ಕಂಪನಿಯ ನೌಕರರು ನಿಮ್ಮ ಆಟಕ್ಕೆ ಇನ್ನೊಂದು ಸೈಡ್ ಬೆಟ್ ಸೇರಿಸಿ, ಅದಕ್ಕೆ ಹೊಸ ಹೆಸರಿಟ್ಟು, ನಿಮ್ಮ ಆಟವನ್ನು ಮೆಲ್ಲನೆ ಪಕ್ಕಕ್ಕೆ ಸರಿಸಬಹುದು. ನಿಮ್ಮ ಆಟದಿಂದ ಹುಟ್ಟಿದ್ದಕ್ಕೆಲ್ಲ ಪಾಲು ಎಂಬ ಸಾಲು ಬೇಕು.

ದಾವೆಗಳು. ನಿಮ್ಮ ಆಟದ ಮೇಲೆ ಬೇರೆಯವರು ಪೇಟೆಂಟ್ ದಾವೆ ಹೂಡಿದರೆ ಖರ್ಚು ಯಾರದು? ಕರಡಿನಲ್ಲಿ ‘ಆವಿಷ್ಕಾರಕರೇ ಸಂಪೂರ್ಣ ಹೊಣೆ’ ಎಂದಿರುತ್ತದೆ. ಅಮೆರಿಕದಲ್ಲಿ ಪೇಟೆಂಟ್ ದಾವೆಯ ವೆಚ್ಚ ಮನೆ ಮಾರಿದರೂ ತೀರದು. ನಿಮ್ಮ ಹೊಣೆಗೆ ಮಿತಿ ಹಾಕಿಸಿ, ಅಲ್ಲಿಯವರೆಗೆ ನೀವು ಪಡೆದ ಶುಲ್ಕದ ಇಂತಿಷ್ಟು ಭಾಗವನ್ನು ಮೀರದಂತೆ. ಈ ಉದ್ಯಮದಲ್ಲಿ ದಾವೆ ವಿಶೇಷವಲ್ಲ, ದಿನಚರಿ. ಎಲೆ ಕಲಸುವ ಯಂತ್ರಗಳ ಪೇಟೆಂಟ್‌ಗಳನ್ನು ಪೈಪೋಟಿ ಹತ್ತಿಕ್ಕಲು ಬಳಸಿದ ಆರೋಪದ ಮೇಲೆ 2018ರಲ್ಲಿ ಜ್ಯೂರಿಯೊಂದು ಸೈಂಟಿಫಿಕ್ ಗೇಮ್ಸ್ ವಿರುದ್ಧ 10.5 ಕೋಟಿ ಡಾಲರ್ ಪರಿಹಾರ ವಿಧಿಸಿತ್ತು. ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಅದು ಮೂರು ಪಟ್ಟಾಯಿತು. ಆಮೇಲೆ ರಾಜಿಯಾಯಿತು.

ಒಟ್ಟಿಗೇ ಮಾರುವುದು. ಕೆಲವೊಮ್ಮೆ ಒಂದೇ ಇಡುಗಂಟು ಮುಂದಿಡುತ್ತಾರೆ. ಅವಮಾನವೆಂದುಕೊಳ್ಳಬೇಡಿ, ತಕ್ಷಣ ಹೌದೆನ್ನಲೂ ಬೇಡಿ. 20 ಮೇಜು, ತಲಾ 500 ಡಾಲರ್, ನಿಮ್ಮ ಪಾಲು ಶೇ 30 ಎಂದರೆ ತಿಂಗಳಿಗೆ 3,000. ಮೂರು ವರ್ಷಕ್ಕೆ 1,08,000. ಹೆಚ್ಚಿನ ಹೊಸ ಆಟಗಳು ಮೂರು ವರ್ಷ ಬದುಕುವುದೇ ಅಪರೂಪ. ಇಡುಗಂಟು ಆ ಮೊತ್ತದ ಹತ್ತಿರವಿದ್ದರೆ ನಾನಾದರೆ ತೆಗೆದುಕೊಳ್ಳುತ್ತೇನೆ, ಆದರೆ ಮೇಜುಗಳು ನೂರು ದಾಟಿದರೆ ಹೆಚ್ಚುವರಿ ಮೊತ್ತ ಎಂಬ ಬಾಲವನ್ನು ಅಂಟಿಸಿ.

ಏಳನೆಯ ಹೆಜ್ಜೆ: ಕ್ಯಾಸಿನೊ ಜೊತೆ ನೇರ ಒಪ್ಪಂದವಾದರೆ

ಇದು ಎರಡು ಮೂರು ಪುಟದ ಕಾಗದ. 30 ದಿನಗಳ ನೋಟಿಸ್ ಕೊಟ್ಟು ಆಟ ತೆಗೆಯುವ ಹಕ್ಕು ಅವರಿಗೆ ಇದ್ದೇ ಇರುತ್ತದೆ, ಅದರ ಮೇಲೆ ಜಗಳ ಬೇಡ. ತೆಗೆದ ಮೇಲೆ ಹೆಸರು ಬದಲಿಸಿ ಅದೇ ಆಟ ಆಡಿಸುವಂತಿಲ್ಲ, ಬಟ್ಟೆಯನ್ನು ಮರಳಿಸಬೇಕು ಅಥವಾ ನಾಶಮಾಡಬೇಕು ಎಂಬುದನ್ನು ಮಾತ್ರ ಬಿಡಬೇಡಿ.

ಮೂಲನಿವಾಸಿ ಬುಡಕಟ್ಟುಗಳ ಕ್ಯಾಸಿನೊಗಳದು ಬೇರೆಯೇ ಲೋಕ. ಪ್ರತಿ ಬುಡಕಟ್ಟಿಗೂ ತನ್ನದೇ ಗೇಮಿಂಗ್ ಆಯೋಗವಿದೆ, ಒಪ್ಪಿಗೆ ಅಲ್ಲೂ ಬೇಕು. ಬುಡಕಟ್ಟುಗಳಿಗೆ ಸಾರ್ವಭೌಮ ವಿನಾಯಿತಿ ಇರುವುದರಿಂದ, ಅವರಾಗಿ ಸ್ಪಷ್ಟ ಮಾತಿನಲ್ಲಿ ಅದನ್ನು ಬಿಟ್ಟುಕೊಡದ ಹೊರತು ಬಾಕಿಗಾಗಿ ನ್ಯಾಯಾಲಯದಲ್ಲಿ ದಾವೆ ಹೂಡಲಾಗದು. ‘ಈ ಒಪ್ಪಂದದ ಮಟ್ಟಿಗೆ ವಿನಾಯಿತಿಯನ್ನು ತ್ಯಜಿಸಲಾಗಿದೆ’ ಎಂಬ ಸಾಲಿಲ್ಲದ ಕಾಗದ ನಂಬಿಕೆಯ ಕಾಗದ ಅಷ್ಟೇ. ಬಹಳ ಮಂದಿ ನಂಬಿಕೆಯ ಮೇಲೆಯೇ ವ್ಯವಹಾರ ನಡೆಸುತ್ತಾರೆ, ನಡೆಯುತ್ತದೆ ಕೂಡ. ತಿಳಿದು ಮಾಡಿ ಎಂದಷ್ಟೇ ನನ್ನ ಮಾತು.

ಎಂಟನೆಯ ಹೆಜ್ಜೆ: ದುಡ್ಡು ಮನೆಗೆ ಬರುವ ದಾರಿ

ಭಾರತದಲ್ಲಿದ್ದುಕೊಂಡು ಅಮೆರಿಕದಿಂದ ರಾಯಧನ ಪಡೆದರೆ ಅಲ್ಲಿಯೇ ಶೇ 30 ತೆರಿಗೆ ಮುರಿದುಕೊಳ್ಳುತ್ತಾರೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 12ನೇ ವಿಧಿಯಡಿ ಇದು ಶೇ 15ಕ್ಕೆ ಇಳಿಯುತ್ತದೆ, ಆದರೆ ತಾನಾಗಿ ಅಲ್ಲ. ಡಬ್ಲ್ಯು-8 ಬೆನ್ ಎಂಬ ನಮೂನೆ ತುಂಬಿ ಮೊದಲ ಪಾವತಿಗೆ ಮುಂಚೆಯೇ ಕೊಡಬೇಕು. ಅಲ್ಲಿ ಕಡಿತವಾದದ್ದಕ್ಕೆ ಇಲ್ಲಿನ ತೆರಿಗೆಯಲ್ಲಿ ರಿಯಾಯಿತಿ ಕೇಳಬಹುದು. ಮೇಲಿನ 3,000 ಡಾಲರ್ ಹೀಗೆ 2,550 ಆಗಿ ಖಾತೆ ಸೇರುತ್ತದೆ. ವಿತರಕರು ಈ ಕಡಿತಗಳ ಪ್ರಮಾಣಪತ್ರ ವರ್ಷಕ್ಕೊಮ್ಮೆ ಕೊಡಬೇಕೆಂದು ಒಪ್ಪಂದದಲ್ಲಿರಲಿ.

ಗೋವಾದ ಮಾತು

ಇಷ್ಟೆಲ್ಲ ಕೇಳಿದ ಮೇಲೆ ‘ಅಷ್ಟು ದೂರ ಯಾಕೆ, ಪಣಜಿ ಹತ್ತಿರವಲ್ಲವೇ?’ ಎಂದು ಅನ್ನಿಸುವುದು ಸಹಜ. ಕರ್ನಾಟಕದಲ್ಲಿ ಕ್ಯಾಸಿನೊಗೆ ಅವಕಾಶವೇ ಇಲ್ಲ. ಗೋವಾದಲ್ಲಿ 1976ರ ಕಾಯ್ದೆಯ 13ಎ ಕಲಮಿನಡಿ ಮೇಜಿನ ಆಟಗಳಿಗೆ ಪರವಾನಗಿ ಇರುವುದು ನೀರಿನ ಮೇಲಿನ ಹಡಗುಗಳಲ್ಲಿ. ಸಿಕ್ಕಿಂಗೆ 2002ರ ಪ್ರತ್ಯೇಕ ಕಾಯ್ದೆ ಇದೆ. ಮೇಜುಗಳೇ ಕೆಲವು, ಆಟ ಬದಲಿಸುವ ಆತುರವೂ ಅಲ್ಲಿ ಕಡಿಮೆ. ಜನ ಕೇಳುವುದು ಅಂದರ್–ಬಾಹರ್, ತೀನ್ ಪತ್ತಿ. ಅವು ಯಾರ ಸ್ವತ್ತೂ ಅಲ್ಲ. ನಮ್ಮ ವಿದೇಶಿ ಹೂಡಿಕೆ ನೀತಿ ಜೂಜು ಮತ್ತು ಬೆಟ್ಟಿಂಗ್ ವ್ಯವಹಾರದಲ್ಲಿ ಹೂಡಿಕೆಯನ್ನಷ್ಟೇ ಅಲ್ಲ, ಬ್ರ್ಯಾಂಡ್ ಮತ್ತು ಟ್ರೇಡ್‌ಮಾರ್ಕ್ ಪರವಾನಗಿಯಂಥ ವಿದೇಶಿ ತಾಂತ್ರಿಕ ಸಹಯೋಗವನ್ನೂ ನಿಷೇಧಿಸಿದೆ. ಅಂದರೆ ನಿಮ್ಮ ಆಟದ ಹಕ್ಕನ್ನು ಅಮೆರಿಕದ ಕಂಪನಿಗೆ ಜಗತ್ತಿನಾದ್ಯಂತ ಎಂದು ಬರೆದುಕೊಟ್ಟುಬಿಟ್ಟರೆ, ಅದನ್ನು ಗೋವಾದ ಹಡಗಿಗೆ ಪರವಾನಗಿಯಾಗಿ ತರುವ ಬಾಗಿಲು ಅಲ್ಲಿಗೇ ಮುಚ್ಚಿತು. ಆನ್‌ಲೈನ್ ರೂಪವಂತೂ ಇಲ್ಲಿ ಪ್ರಶ್ನೆಯೇ ಅಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದೆ.

ಹಾಗಾಗಿ ಕರಡಿನ ‘ಪ್ರದೇಶ’ ಎಂಬ ಕಲಮಿಗೆ ಮರಳಿ, ‘ಭಾರತವನ್ನು ಹೊರತುಪಡಿಸಿ’ ಎಂಬ ಎರಡು ಪದ ಸೇರಿಸಿ. ವಿತರಕರು ಅದಕ್ಕೆ ತಕರಾರು ಮಾಡುವ ಸಂಭವ ಕಡಿಮೆ. ಅವರಿಗೆ ಇಲ್ಲಿ ಹೇಗೂ ಬರಲಾಗದು.